ಸುಲಭದ ಹೆಸರಿನಲ್ಲಿ ಕಳೆದುಹೋದ ಕ್ರಿಯಾಪದಗಳು

1991ರ ಜುಲೈ 19ರಂದು ಜಪಾನಿನ ಸ್ಕ್ವೇರ್ ಸಂಸ್ಥೆಯು ನಿಂಟೆಂಡೊ ಕಂಪನಿಯ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕಾಗಿ 'ಫೈನಲ್ ಫ್ಯಾಂಟಸಿ 4' ಎಂಬ ಆಟವನ್ನು ಹೊರತಂದಿತು. ಅದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 29ರಂದು, ಅದೇ ಆಟ ಅದೇ ದೇಶದಲ್ಲಿ 'ಫೈನಲ್ ಫ್ಯಾಂಟಸಿ 4: ಈಸಿ ಟೈಪ್' ಎಂಬ ಹೆಸರು ಹೊತ್ತು ಮತ್ತೊಮ್ಮೆ ಅಂಗಡಿಗೆ ಬಂದಿತು. ನವೆಂಬರಿನಲ್ಲಿ ಅಮೆರಿಕದ ಮಕ್ಕಳ ಕೈಗೆ ಅದರ ಇಂಗ್ಲಿಷ್ ರೂಪ ಸಿಕ್ಕಿತು. ಅಲ್ಲಿ ಅದರ ಹೆಸರು 'ಫೈನಲ್ ಫ್ಯಾಂಟಸಿ 2' ಎಂದಾಗಿತ್ತು. ಒಂದೇ ಕಥೆ, ಐದು ತಿಂಗಳೊಳಗೆ ಮೂರು ರೂಪ. ಮೊದಲನೆಯದು ಕಠಿಣವಾದದ್ದು, ಎರಡನೆಯದು ತಾನು ಸುಲಭವೆಂದು ತಾನೇ ಸಾರಿಕೊಂಡದ್ದು, ಮೂರನೆಯದು ಸುಲಭವಾಗಿದ್ದೂ ಆ ಸಂಗತಿಯನ್ನು ಕೊಂಡವರಿಗೆ ತಿಳಿಸದೆ ಇದ್ದದ್ದು. ಈ ಮೂರರ ಅಂತರವನ್ನು ಆಟಗಾರರ ಹರಟೆಗೆ ಬಿಟ್ಟುಬಿಡಬಹುದಿತ್ತು. ಆದರೆ ಪಠ್ಯವೊಂದನ್ನು ಓದುಗನ ಶಕ್ತಿಗೆ ಒಗ್ಗಿಸುವ ಕೆಲಸವನ್ನು ಯಾರು, ಯಾವ ಅಧಿಕಾರದಿಂದ, ಎಷ್ಟರ ಮಟ್ಟಿಗೆ ಮಾಡಬಹುದು ಎಂಬ ಪ್ರಶ್ನೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹಳೆಯದು. ಅದು ಇಲ್ಲಿ ಹೊಸ ವೇಷದಲ್ಲಿ ಬಂದು ನಿಂತಿದೆ.

ಈ ಬಗೆಯ ಆಟಗಳನ್ನು ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಪಾತ್ರಧಾರಣೆಯ ಆಟ ಎಂದು ಕನ್ನಡದಲ್ಲಿ ಕರೆಯಬಹುದು. ಓಡುವ, ನೆಗೆಯುವ, ಗುಂಡು ಹಾರಿಸುವ ಚುರುಕುತನಕ್ಕೆ ಇಲ್ಲಿ ಅಷ್ಟಾಗಿ ಬೆಲೆಯಿಲ್ಲ. ಆಟಗಾರನು ದೀರ್ಘವಾದ ಒಂದು ಕಥೆಯೊಳಗೆ ಕೆಲವು ಪಾತ್ರಗಳ ತಂಡವನ್ನು ನಡೆಸಿಕೊಂಡು ಹೋಗುತ್ತಾನೆ. ದಾರಿಯಲ್ಲಿ ಶತ್ರು ಎದುರಾದಾಗ ಪ್ರತಿಯೊಂದು ಪಾತ್ರದ ಹೆಸರಿನಡಿ ಚಿಕ್ಕದೊಂದು ಪಟ್ಟಿ ತೆರೆದುಕೊಳ್ಳುತ್ತದೆ: ಹೊಡೆ, ಮಂತ್ರ ಹಾಕು, ವಸ್ತು ಬಳಸು. ಅವುಗಳಲ್ಲಿ ಒಂದನ್ನು ಆರಿಸಿದರೆ ಪಾತ್ರ ಅದನ್ನು ನೆರವೇರಿಸುತ್ತದೆ. ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ ಈ ಪಟ್ಟಿ ವಿಧ್ಯರ್ಥಕ ಕ್ರಿಯಾಪದಗಳ ಒಂದು ಸಾಲು. ಎಲ್ಲರಿಗೂ ಸಾಮಾನ್ಯವಾದ ಕ್ರಿಯೆಗಳ ಜೊತೆಗೆ ಒಬ್ಬೊಬ್ಬರಿಗೂ ಅವರದೇ ಆದ ಒಂದೆರಡು ಕ್ರಿಯೆಗಳಿರುತ್ತವೆ.

ಆ ಒಂದೆರಡು ಕ್ರಿಯೆಗಳೇ ಮುಖ್ಯ. 'ಫೈನಲ್ ಫ್ಯಾಂಟಸಿ 4' ತುಂಬಿಕೊಂಡಿದ್ದ ಕಾರ್ಟ್ರಿಜ್‌ನ ಒಟ್ಟು ಸಾಮರ್ಥ್ಯ 8 ಮೆಗಾಬಿಟ್, ಅಂದರೆ 1 ಮೆಗಾಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಛಾಯಾಚಿತ್ರ ಅದಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಅಷ್ಟರಲ್ಲೇ ಒಂದು ಭೂಮಂಡಲ, ಅದರಡಿಯ ಪಾತಾಳ, ಒಂದು ಚಂದ್ರಲೋಕ, ಹನ್ನೆರಡು ಪಾತ್ರಗಳು, ನೊಬುವೊ ಉಎಮಾತ್ಸು ಅವರ ಸಂಗೀತ ಎಲ್ಲವೂ ಹಿಡಿಸಬೇಕಿತ್ತು. ಪಾತ್ರಗಳು ಪರದೆಯ ಮೇಲೆ ಬೆರಳ ತುದಿಯಷ್ಟು ಎತ್ತರದ ಗೊಂಬೆಗಳು. ಅವುಗಳ ಮುಖದಲ್ಲಿ ದುಃಖವನ್ನೋ ನಾಚಿಕೆಯನ್ನೋ ತೋರಿಸಲು ಚುಕ್ಕಿಗಳು ಸಾಲವು, ಧ್ವನಿಯಂತೂ ಇಲ್ಲ. ಇಂಥ ಬಡತನದಲ್ಲಿ ಪಾತ್ರದ ಸ್ವಭಾವವನ್ನು ಸೂಚಿಸಲು ರಚನಕಾರರಿಗೆ ಉಳಿದ ಉಪಾಯ ಎರಡೇ: ಮಿತವಾದ ಸಂಭಾಷಣೆ ಮತ್ತು ಆ ಕ್ರಿಯಾಪಟ್ಟಿ. ಹಿರೊನೊಬು ಸಕಗುಚಿ ಅವರ ನಿರ್ದೇಶನದಲ್ಲಿ, ತಕಾಶಿ ಟೊಕಿಟಾ ಅವರ ಮುಖ್ಯ ವಿನ್ಯಾಸದಲ್ಲಿ ಈ ತಂಡ ಎರಡನೆಯ ಉಪಾಯವನ್ನು ಬಳಸಿಕೊಂಡ ಜಾಣ್ಮೆ ಇಂದಿಗೂ ಮೆಚ್ಚುವಂಥದು.

ಕಥಾನಾಯಕ ಸೆಸಿಲ್‌ನನ್ನೇ ನೋಡಬಹುದು. ಅವನು ಬ್ಯಾರನ್ ರಾಜ್ಯದ ವಾಯುಪಡೆಯ ದಳಪತಿ, ಕರಾಳ ವಿದ್ಯೆಯನ್ನು ಸಾಧಿಸಿದ ಯೋಧ. ಕಥೆ ಆರಂಭವಾಗುವ ಹೊತ್ತಿಗೆ ಅವನು ರಾಜಾಜ್ಞೆಯಂತೆ ಮಿಸಿಡಿಯಾ ಎಂಬ ನಿರಪರಾಧಿ ಊರಿನ ಮೇಲೆ ದಾಳಿ ನಡೆಸಿ, ಅಲ್ಲಿಯ ಸ್ಫಟಿಕವನ್ನು ಕಿತ್ತುಕೊಂಡು ಮರಳುತ್ತಿರುತ್ತಾನೆ. ಮನಸ್ಸು ಒಪ್ಪದಿದ್ದರೂ ಕೈ ಕೆಲಸ ಮಾಡಿದೆ. ಮುಂದೆ ಅದೇ ರಾಜ ಕೊಟ್ಟ ಉಂಗುರವೊಂದನ್ನು ಮಿಸ್ಟ್ ಎಂಬ ಹಳ್ಳಿಗೆ ಮುಟ್ಟಿಸಿದಾಗ ಅದರೊಳಗಿಂದ ಬೆಂಕಿ ಎದ್ದು ಹಳ್ಳಿ ಸುಟ್ಟುಹೋಗುತ್ತದೆ. ತಾಯಿಯನ್ನು ಕಳೆದುಕೊಂಡ ರಿಡಿಯಾ ಎಂಬ ಹುಡುಗಿ ಬೂದಿಯ ನಡುವೆ ಉಳಿಯುತ್ತಾಳೆ. ಇಂಥವನ ಪಟ್ಟಿಯಲ್ಲಿ ಜಪಾನಿ ಮೂಲವು ಇರಿಸಿದ್ದ ವಿಶೇಷ ಕ್ರಿಯೆಯ ಹೆಸರು 'ಅಂಕೊಕು', ಎಂದರೆ ಅಂಧಕಾರ. ಅದನ್ನು ಪ್ರಯೋಗಿಸಿದರೆ ಎದುರಿನ ಶತ್ರುಗಳೆಲ್ಲರಿಗೂ ಒಟ್ಟಿಗೆ ಏಟು ಬೀಳುತ್ತದೆ. ಆದರೆ ಪ್ರತಿ ಸಲವೂ ಸೆಸಿಲ್‌ನ ಸ್ವಂತ ಜೀವಬಲದಲ್ಲಿ ಒಂದು ಪಾಲು ಕರಗುತ್ತದೆ. ಪರಪೀಡನೆ ತನ್ನನ್ನೇ ತಿನ್ನುತ್ತದೆ ಎಂಬ ಮಾತನ್ನು ಯಾವ ಪಾತ್ರವೂ ಉಪದೇಶಿಸಬೇಕಾಗಿಲ್ಲ. ಗುಂಡಿ ಒತ್ತಿದ ಆಟಗಾರನ ಕಣ್ಣೆದುರೇ ಅಂಕಿ ಇಳಿಯುತ್ತದೆ.

ಇದರ ಫಲ ಕಾಣಿಸುವುದು ಪರೀಕ್ಷೆಯ ಬೆಟ್ಟದ ಮೇಲೆ. ಪಶ್ಚಾತ್ತಾಪದಿಂದ ಬೆಟ್ಟ ಹತ್ತಿದ ಸೆಸಿಲ್ ಅಲ್ಲಿ ತನ್ನದೇ ಕರಾಳ ರೂಪವನ್ನು ಎದುರಿಸಬೇಕಾಗುತ್ತದೆ. ಇಷ್ಟು ಹೊತ್ತೂ ಹೊಡೆಯುವುದನ್ನೇ ಕಲಿತಿದ್ದ ಆಟಗಾರ ಇಲ್ಲಿ ಹೊಡೆಯಬಾರದು. ಕತ್ತಿಯನ್ನು ಒರೆಗೆ ಸೇರಿಸಿ, ಬಂದ ಏಟನ್ನು ತಾಳಿಕೊಂಡು ನಿಲ್ಲಬೇಕು. ನಿಂತವನು ಧರ್ಮಯೋಧನಾಗಿ ಮರುಹುಟ್ಟು ಪಡೆಯುತ್ತಾನೆ, ಮೊದಲನೆಯ ಹಂತದಿಂದ ಮತ್ತೆ ಆರಂಭಿಸುತ್ತಾನೆ. ಆಗ ಅವನ ಪಟ್ಟಿ ಬದಲಾಗಿರುತ್ತದೆ. 'ಅಂಧಕಾರ' ಇದ್ದ ಕೈಗೆ ಗಾಯ ಮಾಯಿಸುವ ಮಂತ್ರ ಬಂದಿರುತ್ತದೆ. ಜೊತೆಗೆ 'ಕಾಪಾಡು' ಎಂಬ ಕ್ರಿಯೆ, ಬಳಲಿದ ಸಂಗಾತಿಗೆ ಬೀಳುವ ಏಟಿಗೆ ತಾನೇ ಅಡ್ಡ ನಿಲ್ಲುವ ಕ್ರಿಯೆ. ತನ್ನ ರಕ್ತ ಚೆಲ್ಲಿ ಎಲ್ಲರನ್ನೂ ಹೊಡೆಯುತ್ತಿದ್ದವನು ಈಗ ತನ್ನ ರಕ್ತ ಚೆಲ್ಲಿ ಒಬ್ಬರನ್ನು ಉಳಿಸುತ್ತಾನೆ. ಎರಡರಲ್ಲೂ ಬೆಲೆ ತೆರುವವನು ಅವನೇ. ಯಾತಕ್ಕಾಗಿ ತೆರುತ್ತಾನೆ ಎಂಬುದು ಮಾತ್ರ ಬದಲಾಗಿದೆ. ಈ ಇಡೀ ಪರಿವರ್ತನೆಯನ್ನು ಎರಡು ಪದಗಳ ಅದಲುಬದಲಿನಿಂದ ಸಾಧಿಸಿದ ರಚನೆಯನ್ನು ಕಾವ್ಯಮೀಮಾಂಸಕರು ಧ್ವನಿಯೆಂದೇ ಕರೆದಾರು.

ಈಸಿ ಟೈಪ್ ಮತ್ತು ಅಮೆರಿಕದ ರೂಪ ಎರಡರಲ್ಲೂ 'ಅಂಧಕಾರ' ಇಲ್ಲ. ಅಮೆರಿಕದ ಸೆಸಿಲ್ ಕರಾಳ ಯೋಧನಾಗಿರುವಷ್ಟು ಕಾಲ ಹೊಡೆಯಬಲ್ಲ, ವಸ್ತು ಬಳಸಬಲ್ಲ. ಅವನ ಪಟ್ಟಿಯಲ್ಲಿ ಬೇರೇನೂ ಉಳಿದಿಲ್ಲ. ಕರಾಳತೆ ಅವನ ಕವಚದ ಬಣ್ಣದಲ್ಲಷ್ಟೇ ಇದೆ. 'ಕಾಪಾಡು' ಉಳಿದಿದೆ ನಿಜ, ಆದರೆ ಅದಕ್ಕೆ ಜೋಡಿಯಾಗಿದ್ದ ಪದ ಇಲ್ಲವಾದ್ದರಿಂದ ಅದು ಇನ್ನೊಂದು ಹೊಸ ಕೌಶಲವಾಗಿ ಕಾಣುತ್ತದೆಯೇ ಹೊರತು ಉತ್ತರವಾಗಿ ಕೇಳಿಸುವುದಿಲ್ಲ. ಪ್ರಶ್ನೆಯನ್ನು ಅಳಿಸಿ ಉತ್ತರವನ್ನು ಉಳಿಸಿಕೊಂಡಂತೆ ಆಯಿತು.

ಟೆಲ್ಲಾ ಎಂಬ ವೃದ್ಧ ಋಷಿಗೆ ಆದ ಅನ್ಯಾಯ ಇದಕ್ಕಿಂತ ಸೂಕ್ಷ್ಮವಾದದ್ದು. ಒಂದು ಕಾಲಕ್ಕೆ ಮಹಾಮಾಂತ್ರಿಕನಾಗಿದ್ದ ಅವನಿಗೆ ಈಗ ಮಂತ್ರಗಳು ಮರೆತುಹೋಗಿವೆ. ಮಗಳು ಆನಾ ತಾನು ಒಪ್ಪದ ರಾಜಕುಮಾರ ಎಡ್ವರ್ಡ್‌ನೊಡನೆ ಹೊರಟುಹೋಗಿದ್ದಾಳೆ. ಅವಳನ್ನು ಹುಡುಕಿಕೊಂಡು ಹೋದವನಿಗೆ ಸಿಗುವುದು ಬಾಂಬು ಬಿದ್ದ ಅರಮನೆಯಲ್ಲಿ ಅವಳ ಕೊನೆಯುಸಿರು. ಜಪಾನಿ ಮೂಲದಲ್ಲಿ ಇವನ ವಿಶೇಷ ಕ್ರಿಯೆ 'ಒಮೊಯಿದಾಸು', ಎಂದರೆ ನೆನಪಿಸಿಕೊಳ್ಳು. ಯುದ್ಧದ ನಡುವೆ ಅದನ್ನು ಆರಿಸಿದರೆ ಮುದುಕ ನೆನಪಿನಲ್ಲಿ ತಡಕಾಡಿ ಯಾವುದೋ ಒಂದು ಮಂತ್ರವನ್ನು ಹೊರತೆಗೆಯುತ್ತಾನೆ. ಒಮ್ಮೆ ಭಾರೀ ಮಂತ್ರವೇ ಬಂದೀತು, ಇನ್ನೊಮ್ಮೆ ಕೆಲಸಕ್ಕೆ ಬಾರದ್ದು ಬಂದೀತು, ಮತ್ತೊಮ್ಮೆ ಏನೂ ನೆನಪಾಗದೆ ಸರದಿಯೇ ಕಳೆದುಹೋದೀತು. ಮರೆವಿನ ಅಜ್ಜನೊಡನೆ ಒಂದೇ ಮನೆಯಲ್ಲಿ ಬಾಳಿದವರಿಗೆ ಈ ಅನಿಶ್ಚಿತತೆಯ ಪರಿಚಯವಿದೆ. ಅದೇ ಬೆಟ್ಟದ ಮೇಲೆ ಅವನಿಗೆ ಮರೆತ ಮಂತ್ರಗಳೆಲ್ಲ ಒಮ್ಮೆಗೇ ಮರಳುತ್ತವೆ, ಉಲ್ಕೆಗಳನ್ನು ಸುರಿಸುವ 'ಮೀಟಿಯೊ' ಕೂಡ ಸಿಗುತ್ತದೆ. ಮೀಟಿಯೊಗೆ ಬೇಕಾದ ಮಂತ್ರಬಲ 99; ಟೆಲ್ಲಾ ಎಷ್ಟೇ ಹಂತ ಏರಿದರೂ ಅವನ ಮಂತ್ರಬಲ 90ರಿಂದ ಮೇಲೆ ಹೋಗುವುದಿಲ್ಲ. ಕೊರತೆಯ ಆ ಒಂಬತ್ತನ್ನು ಕೊನೆಗೆ ಅವನು ಪ್ರಾಣ ಕೊಟ್ಟು ತುಂಬುತ್ತಾನೆ.

ಸುಲಭಗೊಂಡ ರೂಪಗಳಲ್ಲಿ 'ನೆನಪಿಸಿಕೊಳ್ಳು' ಇಲ್ಲ. ತೆಗೆದವರ ತರ್ಕವನ್ನು ಊಹಿಸುವುದು ಕಷ್ಟವಲ್ಲ: ಏನಾಗುವುದೆಂದು ಹೇಳಲಾಗದ ಕ್ರಿಯೆ ಹೊಸಬರನ್ನು ಗೊಂದಲಕ್ಕೆ ಕೆಡವುತ್ತದೆ, ಉಪಯೋಗವೂ ಅಷ್ಟಕ್ಕಷ್ಟೆ. ಲಾಭನಷ್ಟದ ಲೆಕ್ಕದಲ್ಲಿ ಅವರು ಹೇಳುವುದು ಸರಿ. ಆದರೆ ಆ ಕ್ರಿಯೆ ಇದ್ದದ್ದೇ ನೆಚ್ಚಲಾಗದಂತೆ ಇರುವುದಕ್ಕಾಗಿ. ಮರೆತಿದ್ದೇನೆ ಎಂದು ಮುದುಕ ಬಾಯಲ್ಲಿ ಹೇಳುವುದು ಬೇರೆ. ಬೇಕಾದ ಹೊತ್ತಿಗೆ ನೆನಪಾಗದೆ ಅವನು ತಡವರಿಸುವುದನ್ನು ಆಟಗಾರ ತಾನೇ ಅನುಭವಿಸುವುದು ಬೇರೆ. ಬೆಟ್ಟದ ಮೇಲೆ ನೆನಪು ಮರಳಿದಾಗ ಉಕ್ಕುವ ಸಂತೋಷಕ್ಕೆ ಆ ತಡವರಿಕೆಯೇ ಮೂಲಧನ.

ಉಳಿದವರ ನಷ್ಟವನ್ನು ಬೇಗನೆ ಹೇಳಿ ಮುಗಿಸಬಹುದು. ರೋಸಾಳ 'ಪ್ರಾರ್ಥಿಸು' ಹೋಯಿತು. ಒಂದೇ ಔಷಧವನ್ನು ಎಲ್ಲರಿಗೂ ಹಂಚುವ ಎಡ್ವರ್ಡ್‌ನ ಕ್ರಿಯೆ ಹೋಯಿತು. ಹೆದರಿ ಅಡಗಿಕೊಳ್ಳುವ ಅವನ ಕ್ರಿಯೆ ಮಾತ್ರ ಉಳಿಯಿತು, ಹೀಗಾಗಿ ಪುಕ್ಕಲನೆಂಬ ಹೆಸರು ಅವನಿಗೆ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡಿತು. ಮಲ್ಲನಾದ ಯಾಂಗ್ 'ತಾಳಿಕೊಳ್ಳು' ಎಂಬುದನ್ನು ಕಳೆದುಕೊಂಡ. ಅವಳಿ ಮಕ್ಕಳಾದ ಪಾಲಮ್ ಮತ್ತು ಪೋರಮ್‌ರಲ್ಲಿ ಹುಡುಗನಿಗೆ ಜಂಬ ಕೊಚ್ಚುವುದೂ ಹುಡುಗಿಗೆ ಸುಳ್ಳುಸುಳ್ಳೇ ಅಳುವುದೂ ಯುದ್ಧತಂತ್ರಗಳಾಗಿದ್ದವು! ಅವೂ ಇಲ್ಲವಾದವು. ಇವುಗಳಲ್ಲಿ ಯಾವುದೂ ಇಲ್ಲದೆ ಆಟವನ್ನು ಗೆಲ್ಲಬಹುದು. ಬಹಳ ಆಟಗಾರರು ಅವು ಇದ್ದಾಗಲೂ ಮುಟ್ಟುತ್ತಿರಲಿಲ್ಲ ಎಂದರೂ ತಪ್ಪಾಗದು. ಕಾದಂಬರಿಯಲ್ಲಿ ಕಥೆಗೆ ಅನಿವಾರ್ಯವಲ್ಲದ ವಾಕ್ಯಗಳೆಲ್ಲವನ್ನೂ ಇದೇ ವಾದ ಹೂಡಿ ತೆಗೆದುಹಾಕಬಹುದು.

ಇದಕ್ಕೆ ಹೋಲಿಸಿದರೆ ಈಸಿ ಟೈಪ್ ಮಾಡಿದ ಇತರ ಬದಲಾವಣೆಗಳು ನಿರಪಾಯಕರ. ಆಯುಧಗಳ ಬಲ ಹೆಚ್ಚಿಸಿದರು, ಕವಚಗಳ ರಕ್ಷಣೆಯನ್ನು ಬಿಗಿಗೊಳಿಸಿದರು. ಅಮೆರಿಕದ ರೂಪದಲ್ಲಿ ವಿಷಕ್ಕೊಂದು, ಕುರುಡಿಗೊಂದು, ಮೂಕತನಕ್ಕೊಂದು ಎಂದು ಬೇರೆ ಬೇರೆಯಾಗಿದ್ದ ಮದ್ದುಗಳನ್ನು ಸೇರಿಸಿ ಸರ್ವರೋಗಕ್ಕೂ ಒಂದೇ ಮದ್ದನ್ನು ಮಾಡಿದರು. ಇದರಿಂದ ಕಥೆಗೆ ಯಾವ ಹಾನಿಯೂ ಇಲ್ಲ. ಐದು ಏಟಿಗೆ ಬೀಳುತ್ತಿದ್ದ ಶತ್ರು ಮೂರು ಏಟಿಗೆ ಬಿದ್ದರೆ ಸೆಸಿಲ್‌ನ ಪಶ್ಚಾತ್ತಾಪವೇನೂ ಹಗುರವಾಗುವುದಿಲ್ಲ. ಸುಲಭಗೊಳಿಸುವ ಕೆಲಸದಲ್ಲಿ ಅಂಕಿಗಳನ್ನು ಕೂಡಿ ಕಳೆಯುವುದಕ್ಕೆ ಯಾರೂ ಆಕ್ಷೇಪಿಸಬೇಕಾಗಿಲ್ಲ. ಕ್ರಿಯಾಪದಕ್ಕೆ ಕೈ ಹಾಕಿದಾಗ ಕೇಳುವ ಹಕ್ಕು ಹುಟ್ಟುತ್ತದೆ.

ಹಾಗಿದ್ದೂ ಜಪಾನಿನ ಈಸಿ ಟೈಪ್‌ನ ಪರವಾಗಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಅದು ತನ್ನ ಗುರುತನ್ನು ಹೆಸರಿನಲ್ಲೇ ಹೊತ್ತುಕೊಂಡಿತ್ತು. ಕೊಳ್ಳುವವನಿಗೆ ಇದು ಸುಲಭರೂಪವೆಂದೂ ಇದಲ್ಲದ ಇನ್ನೊಂದು ರೂಪ ಇದೆಯೆಂದೂ ಗೊತ್ತಾಗುತ್ತಿತ್ತು. ಸುಲಭದ್ದನ್ನು ಮುಗಿಸಿದ ಹುಡುಗ ಬೇಕೆಂದರೆ ಕಠಿಣವಾದದ್ದರತ್ತ ಹೋಗಬಹುದಿತ್ತು. ಎರಡೂ ಒಂದೇ ನಾಡಿನಲ್ಲಿ, ಒಂದೇ ಭಾಷೆಯಲ್ಲಿ ಇದ್ದವು. ಅಮೆರಿಕದ ಹುಡುಗನಿಗೆ ಈ ಸೌಲಭ್ಯವಿರಲಿಲ್ಲ. ಅವನ ಕೈಯಲ್ಲಿದ್ದ ಪೆಟ್ಟಿಗೆಯ ಮೇಲೆ ಅಂಥ ಯಾವ ಸೂಚನೆಯೂ ಇರಲಿಲ್ಲ; ಇದ್ದದ್ದು 2 ಎಂಬ ಅಂಕಿ. 1988ರ ಎರಡನೆಯ ಆಟ ಮತ್ತು 1990ರ ಮೂರನೆಯ ಆಟ ಆಗ ಜಪಾನು ಬಿಟ್ಟು ಹೊರಗೆ ಬಂದಿರಲಿಲ್ಲವಾದ್ದರಿಂದ ನಾಲ್ಕನೆಯದೇ ಎರಡನೆಯದಾಯಿತು. ಇದೇ ಲೆಕ್ಕ ಮುಂದುವರಿದು 1994ರಲ್ಲಿ ಆರನೆಯದು ಮೂರನೆಯದಾಗಿ ಬಂದಿತು. 1997ರಲ್ಲಿ ಏಳನೆಯದು ಏಳನೆಯದಾಗಿಯೇ ಬಂದಾಗ ಮೂರರಿಂದ ಏಳಕ್ಕೆ ಹಾರಿದ ಎಣಿಕೆಯನ್ನು ಕಂಡು ಅಮೆರಿಕದ ಆಟಗಾರರು ಬೆರಳು ಮಡಿಸಿ ನೋಡಬೇಕಾಯಿತು. ತನಗೆ ಸಿಕ್ಕದ್ದು ಸಂಕ್ಷೇಪವೆಂದು ತಿಳಿಯದವನು ಪೂರ್ಣಪಾಠವನ್ನು ಹುಡುಕಿಕೊಂಡು ಹೋಗುವುದಾದರೂ ಹೇಗೆ?

ಅಮೆರಿಕದ ರೂಪವು ಈಸಿ ಟೈಪ್‌ನ ಅನುವಾದವೇ ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಅದು ಸರಿಯಲ್ಲ. ಎರಡೂ ಒಂದೇ ಮೂಲದಿಂದ ಒಂದೇ ಕಾಲಕ್ಕೆ ಕವಲೊಡೆದವು; ಈಸಿ ಟೈಪ್ ಅಮೆರಿಕದ ರೂಪಕ್ಕಿಂತಲೂ ಸುಲಭ, ಅದರ ಕಟ್ಟಕಡೆಯ ಶತ್ರುವಿನ ಚಿತ್ರವೂ ಬೇರೆ. ಅಮೆರಿಕದ ರೂಪದಲ್ಲಿ ಕತ್ತರಿ ಹಿಡಿದ ಕೈಗಳು ಹಲವು ಎಂಬುದನ್ನೂ ಮರೆಯಬಾರದು. ಇಂಗ್ಲಿಷಿನ ಮಾತು ಜಪಾನಿ ಬರಹಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ, ಆದ್ದರಿಂದ ಸಂಭಾಷಣೆ ಸೊರಗಿತು. ನಿಂಟೆಂಡೊ ಕಂಪನಿಯ ಅಮೆರಿಕ ಶಾಖೆಗೆ ಅಂದು ತನ್ನದೇ ಮಡಿವಂತಿಕೆಯ ನಿಯಮಗಳಿದ್ದವು. ಧರ್ಮದ ಸೋಂಕಿದೆಯೆಂದು 'ಹೋಲಿ' ಎಂಬ ಮಂತ್ರ 'ವೈಟ್' ಆಯಿತು, ಪ್ರಾರ್ಥನೆಯ ಗೋಪುರ ಹಾರೈಕೆಯ ಗೋಪುರವಾಯಿತು, ಸಾವಿನ ಮಾತುಗಳು ಮೆತ್ತಗಾದವು. ಇವೆಲ್ಲವನ್ನೂ ಸುಲಭೀಕರಣದ ತಲೆಗೆ ಕಟ್ಟುವುದು ನ್ಯಾಯವಲ್ಲ. ಜಾಗದ ಕೊರತೆಯನ್ನು ಕ್ಷಮಿಸಬಹುದು. ಮಡಿವಂತಿಕೆಯನ್ನು ಆ ಕಾಲದ ಗುಣವೆಂದು ಸಹಿಸಬಹುದು. ಆದರೆ ಕ್ರಿಯಾಪದಗಳನ್ನು ತೆಗೆದದ್ದರ ಹಿಂದೆ ಇದ್ದದ್ದು ಇವರಿಗೆ ಇಷ್ಟೆಲ್ಲ ಅರ್ಥವಾಗಲಾರದು ಎಂಬ ಎಣಿಕೆ.

ಆ ಎಣಿಕೆ ಹುಟ್ಟಿದ ಬಗೆ ವಿಚಿತ್ರವಾದದ್ದು. ಪಾತ್ರಧಾರಣೆಯ ಆಟದ ತವರೇ ಅಮೆರಿಕ. 1974ರ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್', ಕಂಪ್ಯೂಟರಿಗೆ ಬಂದ 1981ರ 'ವಿಜರ್ಡ್ರಿ' ಮತ್ತು 'ಅಲ್ಟಿಮಾ' ಅಲ್ಲಿ ಹುಟ್ಟಿದವು. ಅವುಗಳಿಂದ ಪ್ರೇರಣೆ ಪಡೆದ ಯೂಜಿ ಹೋರಿ ಜಪಾನಿನ ಮಕ್ಕಳಿಗೂ ನಿಲುಕುವಂತೆ 1986ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ರಚಿಸಿದರು. ಅದು ಅಲ್ಲಿ ಮನೆಮಾತಾಯಿತು. 1989ರಲ್ಲಿ ಅದೇ ಆಟ 'ಡ್ರ್ಯಾಗನ್ ವಾರಿಯರ್' ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋದಾಗ ಎಣಿಸಿದಷ್ಟು ಮಾರಾಟವಾಗದೆ, ಕೊನೆಗೆ ನಿಂಟೆಂಡೊ ತನ್ನ ಪತ್ರಿಕೆಯ ಚಂದಾದಾರರಿಗೆ ಅದನ್ನು ಉಚಿತವಾಗಿ ಹಂಚಿತು. ಅಲ್ಲಿಗೆ ಅಮೆರಿಕದವರಿಗೆ ಈ ಪ್ರಕಾರ ಒಗ್ಗದು ಎಂಬ ತೀರ್ಮಾನ ಗಟ್ಟಿಯಾಯಿತು. ಅಜ್ಜಿಯ ಮನೆಯಿಂದ ಕಲಿತ ಅಡುಗೆಯನ್ನು ಅಜ್ಜಿಗೆ ಬಡಿಸುವಾಗ ಖಾರ ತಾಳದೆಂದು ಸಪ್ಪೆ ಮಾಡಿದಂತೆ ಇದು. 1992ರಲ್ಲಿ ಬಂದ 'ಫೈನಲ್ ಫ್ಯಾಂಟಸಿ: ಮಿಸ್ಟಿಕ್ ಕ್ವೆಸ್ಟ್' ಈ ತೀರ್ಮಾನದ ಪರಾಕಾಷ್ಠೆ. ಅಮೆರಿಕದ ಹೊಸಬರಿಗೆಂದೇ ರಚಿಸಿದ ಆ ಆಟದಲ್ಲಿ ಸೋತರೆ ಅದೇ ಯುದ್ಧವನ್ನು ಮತ್ತೆ ಆಡಬಹುದು, ದಾರಿ ತಪ್ಪುವ ಭಯವಿಲ್ಲ, ಗೆದ್ದರೆ ನೆನಪಿಡುವಂಥದ್ದೂ ಹೆಚ್ಚಿಲ್ಲ. ಅದೇ ವರ್ಷ ಜಪಾನಿನಲ್ಲಿ ಬಂದ ಐದನೆಯ ಆಟ, ವೃತ್ತಿಗಳನ್ನು ಬದಲಿಸುತ್ತ ಕಲೆಗಳನ್ನು ಬೆರೆಸುವ ಆ ಸೊಗಸಾದ ರಚನೆ, ಆಗ ಅಮೆರಿಕಕ್ಕೆ ಹೋಗಲೇ ಇಲ್ಲ.

ಇಷ್ಟನ್ನು ಹೇಳಿದ ಮೇಲೂ ಸುಲಭರೂಪದ ವಿರುದ್ಧ ಒಟ್ಟಾರೆಯಾಗಿ ದನಿಯೆತ್ತುವುದು ಅವಿವೇಕ. ಕಠಿಣವಾದದ್ದೇ ಶುದ್ಧ, ಸುಲಭವನ್ನು ಆರಿಸಿಕೊಂಡವನು ಕಳ್ಳದಾರಿಯವನು ಎಂಬ ಅಹಂಕಾರ ಆಟಗಾರರಲ್ಲಿ ಸಾಕಷ್ಟಿದೆ, ಪಂಡಿತರಲ್ಲೂ ಇಲ್ಲದಿಲ್ಲ. ದಿನವಿಡೀ ದುಡಿದು ಬಂದು ಅರ್ಧ ಗಂಟೆ ಆಡುವವನಿಗೆ, ಬೆರಳು ಚುರುಕಾಗಿ ಓಡದವನಿಗೆ, ಮೊದಲ ಬಾರಿ ಈ ಲೋಕಕ್ಕೆ ಕಾಲಿಡುವ ಮಗುವಿಗೆ ಮೆಟ್ಟಿಲು ಬೇಕು. 'ಫೈನಲ್ ಫ್ಯಾಂಟಸಿ 4' ತಂದ ಯುದ್ಧಕ್ರಮದಲ್ಲಿ ಆಟಗಾರ ಯೋಚಿಸುತ್ತಿದ್ದರೂ ಕಾಲ ನಿಲ್ಲುವುದಿಲ್ಲ. ಶತ್ರು ತನ್ನ ಸರದಿ ಬಂದೊಡನೆ ಹೊಡೆಯುತ್ತಾನೆ. ನಿಧಾನವಾಗಿ ಓದುವವರಿಗೆ ಇದು ನಿಜವಾದ ಅಡ್ಡಿ. ಅಲ್ಲದೆ, ಅರೆಕೊರೆಯ ಆ ಅಮೆರಿಕದ ರೂಪವೇ ಒಂದು ಪೀಳಿಗೆಗೆ ಆಟದಲ್ಲಿ ಕಥೆಯಿರಬಹುದು, ಆ ಕಥೆಗೆ ಕಣ್ಣೀರು ಬರಬಹುದು ಎಂದು ಕಲಿಸಿತು. ಟೆಲ್ಲಾ ಎಡ್ವರ್ಡ್‌ನನ್ನು ಬೈಯುವಾಗ ಆ ಅನುವಾದ ಬಳಸಿದ, ಇಂಗ್ಲಿಷರೇ ಮರೆತಿದ್ದ ಒಂದು ಹಳೆಯ ವಿಶೇಷಣ ಎಷ್ಟು ಜನಪ್ರಿಯವಾಯಿತೆಂದರೆ ಮುಂದಿನ ಅನುವಾದಕರು ಬೇರೆಲ್ಲವನ್ನೂ ತಿದ್ದಿದರೂ ಅದನ್ನು ಮಾತ್ರ ಮುಟ್ಟಲಿಲ್ಲ. ಕುಂದುಳ್ಳ ಪಾಠವೂ ಪ್ರೀತಿಗೆ ಪಾತ್ರವಾಗುತ್ತದೆ.

ಕನ್ನಡ ವಿಭಾಗಗಳಿಗೆ ಈ ಚರ್ಚೆ ಹೊರಗಿನದಲ್ಲ. ರಾಘವಾಂಕನ ಕಾವ್ಯವನ್ನು ಟಿ. ಎಸ್. ವೆಂಕಣ್ಣಯ್ಯ ಮತ್ತು ಎ. ಆರ್. ಕೃಷ್ಣಶಾಸ್ತ್ರಿ ಅವರು ಕಿರಿದುಗೊಳಿಸಿ ಕೊಟ್ಟಾಗ ಅದನ್ನು 'ಹರಿಶ್ಚಂದ್ರಕಾವ್ಯ ಸಂಗ್ರಹ' ಎಂದೇ ಕರೆದರು. ಓದಿದವನಿಗೆ ಇದರಾಚೆ ಮೂಲವೊಂದಿದೆ ಎಂದು ಹೊದಿಕೆಯೇ ಹೇಳಿತು. ಡಿ. ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ' ಹಿಡಿದ ದಾರಿ ಇನ್ನೂ ಭಿನ್ನ: ಪಂಪನ ಒಂದು ಪದವನ್ನೂ ಕದಲಿಸದೆ ಪಕ್ಕದಲ್ಲಿ ದೀಪ ಹಿಡಿಯುವುದು. ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನ ಎರಡೂವರೆ ಮೂರು ಗಂಟೆಗೆ ಇಳಿದದ್ದರ ಬಗ್ಗೆ ಕಾಸರಗೋಡಿನ ಕಡೆಯ ಹಿರಿಯ ಪ್ರೇಕ್ಷಕರಿಗೆ ಅಸಮಾಧಾನವಿರಬಹುದು. ಆದರೆ ಕರಪತ್ರದಲ್ಲಿ 'ಕಾಲಮಿತಿ' ಎಂಬ ಪದ ಅಚ್ಚಾಗಿರುತ್ತದೆ, ಬಂದವರು ತಿಳಿದೇ ಬರುತ್ತಾರೆ. ಅಲ್ಲೂ ಪ್ರಶ್ನೆ ಏಳುವುದು ಕಾಲ ಕಡಿಮೆಯಾದುದಕ್ಕಲ್ಲ, ಕಡಿತಗೊಂಡದ್ದು ಯಾವುದು ಎಂಬುದಕ್ಕೆ. ಒಡ್ಡೋಲಗ ಮೊಟಕಾದರೆ ಒಂದು ಮಾತು. ಕರ್ಣನಿಗೆ ತನ್ನ ಹುಟ್ಟು ತಿಳಿಯುವ ಸನ್ನಿವೇಶವನ್ನೇ ಬಿಟ್ಟು ಕರ್ಣಪರ್ವ ಆಡಿದರೆ ಇನ್ನೊಂದು ಮಾತು.

ಇಂಗ್ಲಿಷಿನ ಆಟಗಾರರಿಗೆ 'ಅಂಧಕಾರ', 'ನೆನಪಿಸಿಕೊಳ್ಳು' ಮೊದಲಾದವು ಅಧಿಕೃತವಾಗಿ ದೊರೆತದ್ದು 2001ರಲ್ಲಿ, ಪ್ಲೇಸ್ಟೇಷನ್‌ಗೆ ಬಂದ 'ಫೈನಲ್ ಫ್ಯಾಂಟಸಿ ಕ್ರಾನಿಕಲ್ಸ್' ಸಂಪುಟದಲ್ಲಿ. ಅದಕ್ಕೂ ಮುಂಚೆ ಅಭಿಮಾನಿಗಳು ಜಪಾನಿ ಮೂಲವನ್ನು ತಾವೇ ಅನುವಾದಿಸಿಕೊಂಡು ಆಡಲಾರಂಭಿಸಿದ್ದರು. ತಮಗೆ ಸಿಕ್ಕಿದ್ದು ಅರ್ಧವೆಂದು ಹಲವರಿಗೆ ಅರಿವಾದದ್ದು ಹಾಗೆ. ಹತ್ತು ವರ್ಷದ ಹುಡುಗ ಇಪ್ಪತ್ತರ ಯುವಕನಾಗಿ, ತನಗೆ ಕಂಠಪಾಠವಾಗಿದ್ದ ಕಥೆಯ ನಾಯಕನಿಗೆ ತಾನರಿಯದ ಒಂದು ಕ್ರಿಯೆ ಇತ್ತೆಂದು ಕಂಡುಕೊಳ್ಳುವುದೆಂದರೆ ಸಣ್ಣ ವಿಷಯವಲ್ಲ.

ಈಚಿನ ದಿನಗಳ ಪರಿಹಾರ ಹೆಚ್ಚು ಗೌರವಯುತವಾಗಿದೆ. 2021ರಲ್ಲಿ ಆರಂಭವಾದ 'ಪಿಕ್ಸೆಲ್ ರಿಮಾಸ್ಟರ್' ಮಾಲೆ 2023ರಲ್ಲಿ ಕನ್ಸೋಲ್‌ಗಳಿಗೆ ಬಂದಾಗ ಕೆಲವು ಸ್ವಿಚ್ಚುಗಳನ್ನು ಆಟಗಾರನ ಕೈಗೇ ಕೊಟ್ಟಿತು. ದಾರಿಯಲ್ಲಿ ಶತ್ರುಗಳು ಎದುರಾಗದಂತೆ ಮಾಡಿಕೊಳ್ಳಬಹುದು. ಯುದ್ಧದಿಂದ ಬರುವ ಅನುಭವಾಂಕವನ್ನು ನಾಲ್ಕು ಪಟ್ಟಿನವರೆಗೆ ಏರಿಸಿಕೊಳ್ಳಬಹುದು, ಹಟವಿದ್ದವರು ಸೊನ್ನೆಗೆ ಇಳಿಸಿಕೊಳ್ಳಲೂಬಹುದು. ಸೆಸಿಲ್‌ನ ಅಂಧಕಾರ, ಟೆಲ್ಲಾನ ಮರೆವು, ರೋಸಾಳ ಪ್ರಾರ್ಥನೆ ಎಲ್ಲ ಅವುಗಳ ಜಾಗದಲ್ಲೇ ಇವೆ. ಎಷ್ಟು ಸುಲಭವಾಗಬೇಕು ಎಂಬುದನ್ನು ಆಡುವವರು ನಿರ್ಧರಿಸುತ್ತಾರೆ, ಬೇಡವೆನಿಸಿದಾಗ ಹಿಂದಕ್ಕೂ ಹೋಗುತ್ತಾರೆ. 1991ರ ಕಾರ್ಟ್ರಿಜ್‌ನಲ್ಲಿ ಇಷ್ಟಕ್ಕೆ ಜಾಗವಿತ್ತೇ ಎಂದು ಕೇಳಬಹುದು. ಎರಡು ಬಗೆಯ ಅಂಕಿಗಳ ಕೋಷ್ಟಕಕ್ಕೆ ಬೇಕಾಗುತ್ತಿದ್ದ ಜಾಗ ಬಹಳವೇನಲ್ಲ, ಅಂಥ ಆಲೋಚನೆಯೇ ಆಗ ಬಳಕೆಗೆ ಬಂದಿರಲಿಲ್ಲ ಎನ್ನುವುದು ಹೆಚ್ಚು ಸರಿಯಾ ದೀತು.

ಈಸಿ ಟೈಪ್‌ಗೆಂದು ಬೇರೆಯಾಗಿ ಬರೆದಿದ್ದ ಆ ಕಟ್ಟಕಡೆಯ ಶತ್ರುವಿನ ಚಿತ್ರ ಮಾತ್ರ ವ್ಯರ್ಥವಾಗಲಿಲ್ಲ. 2005ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕಾಗಿ ಆಟವನ್ನು ಮತ್ತೆ ಸಿದ್ಧಪಡಿಸಿದವರು, ಕಥೆ ಮುಗಿದ ಮೇಲೂ ಇನ್ನಷ್ಟು ಕಷ್ಟ ಬೇಕೆನ್ನುವವರಿಗಾಗಿ ಚಂದ್ರಲೋಕದಲ್ಲಿ ಒಂದು ಹೆಚ್ಚುವರಿ ಗುಹೆಯನ್ನು ತೋಡಿದರು. ಅದರ ತಳದಲ್ಲಿ, ಇಡೀ ಆಟದ ಅತ್ಯಂತ ಕಠಿಣ ಎದುರಾಳಿಗಳಲ್ಲಿ ಒಂದಾಗಿ, ಅದೇ ಸುಲಭರೂಪದ ಚಿತ್ರವನ್ನು ತಂದು ನಿಲ್ಲಿಸಿದರು.